ಮೆಡಿಸೆಪ್: ಟೀಚರಿಗೂ 500, ಪ್ಯೂನನ ಹೆಂಡತಿಗೂ 500

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದು ನಿವೃತ್ತಳಾದವಳು. ಕೇರಳ ಸರ್ಕಾರ ತನ್ನ ನೌಕರರಿಗೆ, ಪಿಂಚಣಿದಾರರಿಗೆ ಮಾಡಿದ ಆರೋಗ್ಯ ವಿಮೆ ಮೆಡಿಸೆಪ್. 2022ರ ಜುಲೈ 1ಕ್ಕೆ ಅದು ಶುರುವಾದಾಗಿಂದ ಅದರಲ್ಲಿದ್ದೇನೆ. ಕೇರಳ ಸರ್ಕಾರದ ಪಿಂಚಣಿ ತೆಗೆದುಕೊಳ್ಳುವವರು ಬೇಡ ಅನ್ನುವ ಹಾಗಿಲ್ಲ, ಅದು ಕಡ್ಡಾಯ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮವರಿಗೆ ಈಗ 73 ವರ್ಷ, ಸಕ್ಕರೆ ಕಾಯಿಲೆ ಹದಿನೈದು ವರ್ಷದಿಂದ ಉಂಟು. ಹೊರಗೆ ಬೇರೆ ಯಾವ ವಿಮಾ ಕಂಪನಿಯಲ್ಲಿ ವಿಚಾರಿಸಿದರೂ ಮೊದಲು ವಯಸ್ಸು ಕೇಳುತ್ತಾರೆ, ಮತ್ತೆ ಟೆಸ್ಟ್ ಮಾಡಿಸಿ ಅನ್ನುತ್ತಾರೆ, ಹಳೆಯ ಕಾಯಿಲೆಗೆ ಇಷ್ಟು ವರ್ಷ ಕಾಯಬೇಕು ಅನ್ನುತ್ತಾರೆ, ಕೊನೆಗೆ ಹೇಳುವ ಪ್ರೀಮಿಯಂ ಕೇಳಿದರೆ ಎದ್ದು ಬರಬೇಕು. ಇಲ್ಲಿ ಅದ್ಯಾವುದೂ ಇಲ್ಲ. ಅವರ ಕಣ್ಣಿನ ಪೊರೆಯ ಆಪರೇಷನ್ ಮಂಗಳೂರಿನಲ್ಲಿ ಆಯಿತು. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟ ಕಾರ್ಡ್ ತೋರಿಸಿದೆ, ಮರುದಿನ ಮನೆಗೆ ಬಂದೆವು, ಕೈಯಿಂದ ದುಡ್ಡು ಕೊಡಲಿಲ್ಲ.

ಇನ್ನೊಮ್ಮೆ ಹಾಗಾಗಲಿಲ್ಲ. ಮೂತ್ರದ ತೊಂದರೆಗೆ ಅಂತ ಅಲ್ಲಿನ ಬೇರೊಂದು ಆಸ್ಪತ್ರೆಗೆ ಹೋದೆವು. ಮೆಡಿಸೆಪ್ ಪಟ್ಟಿಯಲ್ಲಿ ಅದರ ಹೆಸರು ಉಂಟು. ಕೌಂಟರಿನಲ್ಲಿ ಅರ್ಧ ಗಂಟೆ ನಿಲ್ಲಿಸಿ, ನಮ್ಮಲ್ಲಿ ಆ ವಿಭಾಗಕ್ಕೆ ಈ ಕಾರ್ಡ್ ನಡೆಯುವುದಿಲ್ಲ ಅಂದರು. ಕುಂಬಳೆಯಿಂದ ತಲಪಾಡಿ ದಾಟಿ ಬಸ್ಸಿನಲ್ಲಿ ಬಂದ ಮುದುಕರಿಗೆ ಹೀಗೆ ಹೇಳಿದರೆ ಏನು ಮಾಡುವುದು? ನಮ್ಮ ಜಿಲ್ಲೆಯವರಿಗೆ ದೊಡ್ಡ ಕಾಯಿಲೆ ಅಂದರೆ ಮಂಗಳೂರೇ ಅಲ್ವಾ. ಹೊರಡುವ ಮೊದಲು ಫೋನ್ ಮಾಡಿ, ಆಸ್ಪತ್ರೆಯ ಹೆಸರಿನ ಜೊತೆ ವಿಭಾಗವನ್ನೂ ಹೇಳಿ ಕೇಳಿಕೊಳ್ಳಿ.

ಆದರೆ ನಾನು ಬರೆಯಲು ಕೂತದ್ದು ಪ್ರೀಮಿಯಂ ಬಗ್ಗೆ. ಮೊದಲ ಹಂತದಲ್ಲಿ ಎಲ್ಲರಿಂದಲೂ ತಿಂಗಳಿಗೆ 500 ರೂಪಾಯಿ ಹಿಡಿಯುತ್ತಿದ್ದರು. ನಮ್ಮ ಪಕ್ಕದ ಮನೆಯ ಅಕ್ಕನ ಗಂಡ ಶಾಲೆಯಲ್ಲಿ ಪ್ಯೂನ್ ಆಗಿದ್ದರು, ಈಗ ಅಕ್ಕನಿಗೆ ಕುಟುಂಬ ಪಿಂಚಣಿ ಬರುತ್ತದೆ. ಒಂದು ದಿನ ಪಾಸ್‌ಬುಕ್ ತಂದು, ಬೆರಳಿಟ್ಟು ತೋರಿಸಿ, "ಟೀಚರ್, ನಿಮಗೂ ಐನೂರೇ ಹಿಡಿಯುವುದಾ?" ಅಂತ ಕೇಳಿದರು. ಹೌದು ಅಂದೆ. ಅವರು ಮತ್ತೇನೂ ಕೇಳಲಿಲ್ಲ, ನನಗೇ ಮುಖ ಎತ್ತಿ ನೋಡಲು ಕಷ್ಟವಾಯಿತು.

ಲೆಕ್ಕ ಹಾಕಿ ನೋಡಿ. ಕೇರಳದಲ್ಲಿ ಕಳೆದ ವೇತನ ಪರಿಷ್ಕರಣೆಯ ಪ್ರಕಾರ ಕನಿಷ್ಠ ಮೂಲ ಪಿಂಚಣಿ 11,500 ರೂಪಾಯಿ, ಗರಿಷ್ಠ 83,400. ಕೆಳಗಿನವರಿಗೆ ನೂರು ರೂಪಾಯಿಯಲ್ಲಿ ನಾಲ್ಕಕ್ಕಿಂತ ಜಾಸ್ತಿ ಹೋಗುತ್ತಿತ್ತು, ಮೇಲಿನವರಿಗೆ ಅರುವತ್ತು ಪೈಸೆ. ಅದೂ ಅಲ್ಲದೆ ಮೊದಲು ಪಿಂಚಣಿಯ ಜೊತೆ ತಿಂಗಳಿಗೆ 500 ರೂಪಾಯಿ ಮೆಡಿಕಲ್ ಅಲವೆನ್ಸ್ ಬರುತ್ತಿತ್ತು. ಅದನ್ನೇ ಪ್ರೀಮಿಯಂಗೆ ತಿರುಗಿಸಿದರು. ಅಕ್ಕ ಆ ದುಡ್ಡಿನಲ್ಲಿ ಬಿಪಿ ಮಾತ್ರೆ ತರುತ್ತಿದ್ದರು. ಆಸ್ಪತ್ರೆಯಲ್ಲಿ ಮಲಗಿದರೆ ಮೆಡಿಸೆಪ್ ಕೊಡುತ್ತದೆ, ತಿಂಗಳು ತಿಂಗಳು ನುಂಗುವ ಮಾತ್ರೆಗೆ ಕೊಡುವುದಿಲ್ಲ. ವಯಸ್ಸಾದವರ ಖರ್ಚು ಹೆಚ್ಚಾಗಿ ಹೋಗುವುದೇ ಆ ಮಾತ್ರೆಗೆ.

ವಿಮೆ ಅಂದರೆ ಹಾಗೆಯೇ, ಎಲ್ಲರಿಗೂ ಸೌಲಭ್ಯ ಒಂದೇ ಆದ ಮೇಲೆ ಪ್ರೀಮಿಯಂ ಕೂಡ ಒಂದೇ ಅಂತ ಕೆಲವರು ಹೇಳುತ್ತಾರೆ. ಆದರೆ ಕೇಂದ್ರ ಸರ್ಕಾರ ತನ್ನ ನೌಕರರಿಗೆ, ಪಿಂಚಣಿದಾರರಿಗೆ ನಡೆಸುವ ಆರೋಗ್ಯ ಯೋಜನೆ ಸಿಜಿಎಚ್‌ಎಸ್‌ನಲ್ಲಿ ಹಾಗಿಲ್ಲ. ಅಲ್ಲಿ ವೇತನದ ಹಂತ ನೋಡಿ ತಿಂಗಳಿಗೆ 250, 450, 650, 1000 ಅಂತ ವಂತಿಗೆ ಇಟ್ಟಿದ್ದಾರೆ. ಕಡಿಮೆ ಕೊಟ್ಟವರಿಗೆ ಔಷಧಿ ಕಡಿಮೆ ಕೊಡುವುದಿಲ್ಲ. ಅಲ್ಲಿ ಆಗುವುದಾದರೆ ಇಲ್ಲಿ ಯಾಕೆ ಆಗಬಾರದು?

ಮೆಡಿಸೆಪ್‌ನ ಎರಡನೇ ಹಂತದಲ್ಲಿ ರಕ್ಷಣೆಯ ಮೊತ್ತವನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು, ಒಳ್ಳೆಯದೇ. ಪ್ರೀಮಿಯಂ ಕೂಡ ಏರಿತು. ಏರಿಸುವಾಗಲಾದರೂ ಪಿಂಚಣಿ ನೋಡಿ ಏರಿಸಬಹುದಿತ್ತು, ಮತ್ತೆ ಎಲ್ಲರಿಗೂ ಒಂದೇ ಅಂತ ಬಿಟ್ಟರು.

ನಾಳೆ ಬೇಕಾದರೆ ಬಿಡಬಹುದು ಅಂದರೂ ನಾನು ಮೆಡಿಸೆಪ್ ಬಿಡುವುದಿಲ್ಲ, ಈ ವಯಸ್ಸಿನಲ್ಲಿ ನಮ್ಮನ್ನು ಬೇರೆ ಯಾರು ಸೇರಿಸಿಕೊಳ್ಳುತ್ತಾರೆ? ನನ್ನ ಪಿಂಚಣಿಯಿಂದ ಇನ್ನೂರು ಮುನ್ನೂರು ಜಾಸ್ತಿ ಹಿಡಿಯಲಿ, ಕೊಡುತ್ತೇನೆ. ಅಕ್ಕನದ್ದು ಅರ್ಧ ಮಾಡಲಿ.