ಮುಂಚಕ್ರದ ಡ್ರ್ಯಾಗ್ ಗಾಡಿಗೆ ಲಾಂಚ್ ಕಂಟ್ರೋಲ್: ದಾವಣಗೆರೆ ಗ್ಯಾರೇಜಿನ ಕೆಲಸ ಹೇಗಿದೆ?

ಡ್ರ್ಯಾಗ್ ಓಟಕ್ಕೆಂದು, ಅಂದರೆ ನೇರ ದಾರಿಯ ಕಿರು ಓಟಕ್ಕೆಂದು, ಪಿ.ಬಿ. ರಸ್ತೆ ಆಸುಪಾಸಿನ ಗ್ಯಾರೇಜೊಂದು ಹಳೆಯ ಹೋಂಡಾ ಸಿಟಿ 1.5 ವಿಟೆಕ್‌ಗೆ ಬೇರೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಕೂರಿಸಿ ಲಾಂಚ್ ಕಂಟ್ರೋಲ್ ಹಾಕಿದೆ. ನಿಂತಲ್ಲಿಂದ ಹೊರಡುವಾಗ ಎಂಜಿನ್ ವೇಗವನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಏರ್ಪಾಡು ಅದು. ವೈರಿಂಗ್‌ಗೆ ಐದಕ್ಕೆ ಐದು ಸ್ಟಾರ್, ಸೆಟಿಂಗ್‌ಗೆ ಎರಡೇ.

ಮೊದಲು ಒಳ್ಳೆಯದು. ಕ್ಲಚ್ ಸ್ವಿಚ್ಚನ್ನು ಪೆಡಲ್ ನೆಲ ಮುಟ್ಟುವ ಕಡೆ ಕೂರಿಸಿದ್ದಾರೆ. ಹಲವರು ಪೆಡಲ್‌ನ ಮೇಲ್ತುದಿಯ ಸ್ವಿಚ್ಚನ್ನೇ ಬಳಸಿಬಿಡುತ್ತಾರೆ. ಆಗ ಪೆಡಲ್ ಏಳುತ್ತಾ ಕ್ಲಚ್ ಕಚ್ಚಿಕೊಂಡ ಮೇಲೂ ಇಗ್ನಿಷನ್ ಕಟ್ (ಎಂಜಿನ್ ವೇಗ ಏರದಂತೆ ಕಿಡಿ ತಡೆಯುವುದು) ನಿಲ್ಲುವುದಿಲ್ಲ, ಗಾಡಿ ಓಟ ಶುರುವಾಗುವ ಗೆರೆಯಲ್ಲೇ ಮುಗ್ಗರಿಸುತ್ತದೆ. ಇಲ್ಲಿ ಪೆಡಲ್ ಒಂದಿಷ್ಟು ಮೇಲೆದ್ದ ಕೂಡಲೇ ಕಟ್ ಬಿಡುತ್ತದೆ. ವೈರ್‌ಗಳನ್ನು ಕ್ರಿಂಪ್ ಮಾಡಿ, ಸ್ಲೀವ್ ಹಾಕಿ, ಎಕ್ಸಾಸ್ಟ್‌ನಿಂದ ದೂರ ಕಟ್ಟಿದ್ದಾರೆ. ಅಚ್ಚುಕಟ್ಟು ಕೆಲಸ.

ತಪ್ಪಿರುವುದು ವೇಗದ ಸಿಗ್ನಲ್‌ನಲ್ಲಿ. ಈ ಸಿಟಿಯ ಸ್ಪೀಡ್ ಸೆನ್ಸರ್ ಗೇರ್‌ಬಾಕ್ಸ್ ಮೇಲಿದೆ, ಅಂದರೆ ಅದು ಓದುವುದು ಮುಂಚಕ್ರಗಳನ್ನು. ಓಡಿಸುವ ಚಕ್ರಗಳೂ ಅವೇ. ಟಯರ್ ಜಾರಿತೆಂದರೆ ಗಾಡಿ 5 ಕಿ.ಮೀ. ವೇಗದಲ್ಲಿದ್ದರೂ ಇಸಿಯುಗೆ 40 ಕಾಣುತ್ತದೆ. ಜಾರಿಕೆ ಎಷ್ಟೆಂದು ಅಳೆಯಲು ಅದಕ್ಕೆ ದಾರಿಯೇ ಇಲ್ಲ. ಹಿಂಚಕ್ರದ ಹಬ್‌ಗೆ ಹಲ್ಲಿನ ರಿಂಗ್, ಎದುರಿಗೆ ಸುಮಾರು 1 ಮಿ.ಮೀ. ಬಿಟ್ಟು ಹಾಲ್ ಸೆನ್ಸರ್ (ಹಲ್ಲು ಹಾದುಹೋದದ್ದನ್ನು ಆಯಸ್ಕಾಂತದಿಂದ ಗುರುತಿಸುವ ಸೆನ್ಸರ್) ಹಾಕಿ, ಎರಡೂ ವೇಗಗಳನ್ನು ಹೋಲಿಸಬೇಕು. ಬ್ರ್ಯಾಕೆಟ್ ಮಾಡಿಸಲು ಬೆಂಗಳೂರಿಗೆ ಹೋಗಬೇಕಿಲ್ಲ. ಲೇತ್ ಕೆಲಸ ಬಲ್ಲ ಹರಿಹರ ಪಕ್ಕದಲ್ಲೇ ಇದೆ.

ಇನ್ನೊಂದು, ಲಾಂಚ್ ಆರ್‌ಪಿಎಂ. 5,200ಕ್ಕೆ ಇಟ್ಟಿದ್ದಾರೆ. ಪಟಪಟ ಸದ್ದೇನೋ ಜೋರು, ಆದರೆ ಸಾಮಾನ್ಯ ರಸ್ತೆ ಟಯರ್‌ಗೆ ಅದು ಹೊಗೆ ಮಾತ್ರ. ಲೆಕ್ಕ ಹಾಕಿ ನೋಡಿ. ಗಾಡಿ 1,000 ಕೆ.ಜಿ., ಅದರಲ್ಲಿ 620 ಮುಂದೆ ಇದೆ ಎಂದಿಟ್ಟುಕೊಳ್ಳಿ. ವೀಲ್‌ಬೇಸ್ 2.5 ಮೀಟರ್, ಭಾರದ ಕೇಂದ್ರ ಅರ್ಧ ಮೀಟರ್ ಎತ್ತರ. ಅರ್ಧ ಜಿ (ಗುರುತ್ವದ ಅರ್ಧದಷ್ಟು) ವೇಗೋತ್ಕರ್ಷದಲ್ಲಿ 100 ಕೆ.ಜಿ. ಹಿಂದಕ್ಕೆ ಹೋಗುತ್ತದೆ, ಎಳೆಯುವ ಚಕ್ರದ ಮೇಲೆ ಉಳಿಯುವುದು 520. ಹಿಂಚಕ್ರದ ಗಾಡಿಗೆ ಇದೇ ವರ, ನಮಗೆ ಶಾಪ. ಹಾಗಾಗಿ 3,200ರಿಂದ ಶುರುಮಾಡಿ 200ರಂತೆ ಏರಿಸಿ, ಪ್ರತಿ ಸಲವೂ ಲಾಗ್ (ಇಸಿಯು ಬರೆದಿಡುವ ದಾಖಲೆ) ನೋಡಿ. ಮುಂಚಕ್ರ ಹಿಂಚಕ್ರಕ್ಕಿಂತ 10ರಿಂದ 15 ಶೇಕಡಾ ಹೆಚ್ಚು ತಿರುಗುತ್ತಿದ್ದರೆ ಸರಿಯಾದ ಜಾಗಕ್ಕೆ ಬಂದಿರಿ. ಮೊದಲ 60 ಅಡಿಯ ಸಮಯ ಇಳಿಯುವುದು ನಿಂತಲ್ಲಿಗೆ ಆರ್‌ಪಿಎಂ ಏರಿಸುವುದನ್ನೂ ನಿಲ್ಲಿಸಿ.

ಇಸಿಯುಗೆ ಕೊಡುವ ದುಡ್ಡಿಗಿಂತ ಮೊದಲು ಕೆಳಗಿನ ಕೆಲಸ ಮುಗಿಸಬೇಕು. ಈ ಮಾತನ್ನು ಗ್ಯಾರೇಜಿನವರೇ ಹೇಳಬೇಕಿತ್ತು. ಎರಡು ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಸಾಮಾನ್ಯ ಓಪನ್ ಬಗೆಯದಾಗಿದ್ದರೆ ಒಂದೇ ಟಯರ್ ಸುತ್ತುತ್ತದೆ, ಒಂದೇ ಚಕ್ರ ಸುತ್ತುವುದಕ್ಕೆ ಕಡಿವಾಣ ಹಾಕುವ ಲಿಮಿಟೆಡ್ ಸ್ಲಿಪ್ ಬಗೆಯದನ್ನು ಹಾಕದೆ ಲಾಂಚ್ ಕಂಟ್ರೋಲ್‌ನಿಂದ ಅರ್ಧವೇ ಪ್ರಯೋಜನ. ಎಂಜಿನ್ ಮೌಂಟ್‌ಗಳ ರಬ್ಬರ್ ಸಡಿಲವಾಗಿದ್ದರೆ ಎಂಜಿನ್ ಹಿಂದೆಮುಂದೆ ತೂಗುತ್ತದೆ, ಚಕ್ರ ಕುಪ್ಪಳಿಸುತ್ತದೆ, ಆ ಏಟಿಗೇ ಡ್ರೈವ್ ಶಾಫ್ಟ್ ಮುರಿಯುವುದು. ಹಿಂದಿನ ಸ್ಪ್ರಿಂಗ್ ಗಟ್ಟಿಯದಾಗಿರಲಿ, ಹಿಂಭಾಗ ಕುಸಿದಷ್ಟೂ ಮುಂದಿನ ಹಿಡಿತ ಹೋಗುತ್ತದೆ. ರಸ್ತೆ ಟಯರ್ ಆದರೆ ಮುಂದೆ 22–24 ಪಿಎಸ್‌ಐ, ಹಿಂದೆ 38–40ರಿಂದ ಶುರುಮಾಡಬಹುದು. ಓಟ ಮುಗಿದ ಕೂಡಲೇ ಮೊದಲಿನಷ್ಟೇ ಗಾಳಿ ತುಂಬಿಸಿ.

ಗೆರೆಯಲ್ಲಿ ಮಾಡಬೇಕಾದ್ದು ಇಷ್ಟು: ಸ್ಟೀರಿಂಗ್ ನೇರ, ಕ್ಲಚ್ ಪೂರ್ತಿ ಒಳಗೆ, ಮೊದಲ ಗೇರ್, ಆಮೇಲೆ ಆಕ್ಸಿಲರೇಟರ್ ಪೂರ್ತಿ. ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ. ಇಗ್ನಿಷನ್ ಕಟ್ ಆದಾಗ ಉರಿಯದ ಪೆಟ್ರೋಲ್ ಎಕ್ಸಾಸ್ಟ್‌ಗೆ ಹೋಗಿ ಅಲ್ಲಿ ಹೊತ್ತಿಕೊಳ್ಳುತ್ತದೆ, ಹೊಗೆ ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕರಗಿಹೋಗುವಷ್ಟು ಕಾಯುತ್ತದೆ. ಸ್ಟೀರಿಂಗ್ ತಿರುಗಿಸಿಟ್ಟು ಕ್ಲಚ್ ಬಿಟ್ಟರೆ ಡ್ರೈವ್ ಶಾಫ್ಟ್ ತುದಿಯ ಕೀಲು, ಅಂದರೆ ಹೊರಗಿನ ಸಿವಿ ಜಾಯಿಂಟ್‌ಗೆ ಅಪಾಯ. ಇದನ್ನೆಲ್ಲ ಪರೀಕ್ಷಿಸುವ ಜಾಗ ಹೆದ್ದಾರಿ 48 ಅಲ್ಲ, ಅದರ ಸರ್ವಿಸ್ ರಸ್ತೆಯೂ ಅಲ್ಲ. ಅನುಮತಿ ಇರುವ, ಮುಚ್ಚಿದ ಟ್ರ್ಯಾಕ್ ಮಾತ್ರ.

ಈ ಗ್ಯಾರೇಜಿಗೆ ವೈರಿಂಗ್ ಧಾರಾಳವಾಗಿ ಒಪ್ಪಿಸಬಹುದು. ಗಾಡಿ ವಾಪಸ್ ತರುವಾಗ ಲ್ಯಾಪ್‌ಟಾಪ್‌ನಲ್ಲಿ ಲಾಗ್ ತೆರೆಸಿ, ಹಿಂಚಕ್ರದ ವೇಗ ಎಂಬ ಗೆರೆ ಬೇರೆಯಾಗಿ ಕಾಣುತ್ತದಾ ನೋಡಿ. ಕಾಣದಿದ್ದರೆ ಬಾಕಿ ದುಡ್ಡು ಆಮೇಲೆ ಕೊಡಿ.