ಜೋಡುನಳಿಗೆ ಬಾಕ್ಸ್‌ಲಾಕ್ ಕೋವಿ: ಸೆಮಿ ಆಟೊಮ್ಯಾಟಿಕ್ ಎದುರು ಹಳೆಯದೇ ಏಕೆ ಮೇಲು

ನಡೆಯುತ್ತ ಹೋಗಿ, ಎದ್ದ ಹಕ್ಕಿಗೆ ಈಡು ಹೊಡೆಯುವ ಬೇಟೆಗೆ 12 ಬೋರ್ ಕೋವಿ ಬೇಕೆಂದರೆ ಇಂದು ಅಂಗಡಿಯವರು ಮೊದಲು ಮುಂದಿಡುವುದು ಪ್ಲಾಸ್ಟಿಕ್ ಹಿಡಿಯ ಸೆಮಿ ಆಟೊಮ್ಯಾಟಿಕ್, ಅಂದರೆ ಪ್ರತಿ ಈಡಿನ ನಂತರ ಮುಂದಿನ ತೋಟೆಯನ್ನು ತಾನೇ ಏರಿಸಿಕೊಳ್ಳುವ ಒಂಟಿ ನಳಿಗೆಯ ಕೋವಿ. ಬೇಟೆಗೆ ಕಾನೂನಿನ ಒಪ್ಪಿಗೆ ಇರುವ ಕಡೆ, ಲೈಸೆನ್ಸ್ ಕೈಯಲ್ಲಿರುವವರಿಗೆ ನಮ್ಮ ಸಲಹೆ ಬೇರೆ: ಅಕ್ರೋಟು ಮರದ ಹಿಡಿ, ಎರಡು ಟ್ರಿಗರ್, ಅಕ್ಕಪಕ್ಕ ಎರಡು ನಳಿಗೆ ಇರುವ ಬಾಕ್ಸ್‌ಲಾಕ್ ಕೊಳ್ಳಿ. ಬರ್ಮಿಂಗ್‌ಹ್ಯಾಮ್‌ನ ವೆಸ್ಟ್ಲಿ ರಿಚರ್ಡ್ಸ್ ಕಂಪನಿಯಲ್ಲಿದ್ದ ಆನ್ಸನ್ ಮತ್ತು ಡೀಲಿ 1875ರಲ್ಲಿ ಪೇಟೆಂಟ್ ಪಡೆದ ವಿನ್ಯಾಸ ಇದು. ನಳಿಗೆ ಬಗ್ಗಿಸಿದಾಗ ಆ ಎಳೆತಕ್ಕೇ ಒಳಗಿನ ಎರಡೂ ಕುದುರೆಗಳು (ತೋಟೆ ಸಿಡಿಸಲು ಬಡಿಯುವ ಸುತ್ತಿಗೆಗಳು) ಏರಿ ನಿಲ್ಲುತ್ತವೆ. ಬಿಡಿಭಾಗಗಳು ಕಡಿಮೆ. ಇಂದಿಗೂ ಹೊಸ ಬಾಕ್ಸ್‌ಲಾಕ್‌ಗಳಲ್ಲಿ ಇದೇ ತತ್ವ ಕೆಲಸ ಮಾಡುತ್ತಿದೆ.

ಮೊದಲ ಲಾಭ ಸುರಕ್ಷತೆಯದು. ಮಡಚಿ ತೋಳಿನ ಮೇಲೆ ಹಾಕಿಕೊಂಡ ಕೋವಿ ಖಾಲಿಯಿದೆಯೋ ಇಲ್ಲವೋ ಎಂಬುದು ಹತ್ತು ಹೆಜ್ಜೆ ದೂರದವರಿಗೂ ಕಾಣುತ್ತದೆ. ಬೇಲಿ ದಾಟುವಾಗ, ಹಳ್ಳಕ್ಕಿಳಿಯುವಾಗ ಎರಡು ತೋಟೆ ಹೊರತೆಗೆದರೆ ಮುಗಿಯಿತು, ನಳಿಗೆಯೊಳಗೆ ಮಣ್ಣು ಹೊಕ್ಕಿದೆಯೇ ಎಂದು ಅಲ್ಲೇ ನೋಡಿಕೊಳ್ಳಬಹುದು. ಸೆಮಿ ಆಟೊಮ್ಯಾಟಿಕ್‌ನಲ್ಲಿ ಚೇಂಬರ್ (ನಳಿಗೆಯ ಹಿಂಬದಿಯಲ್ಲಿ ತೋಟೆ ಕೂರುವ ಗೂಡು) ಖಾಲಿ ಮಾಡಿದರೂ ಮುಂದಿನ ತೋಟೆಗಳಿರುವ ಮ್ಯಾಗಜಿನ್‌ನಲ್ಲಿ ತೋಟೆ ಉಳಿದಿರಬಹುದು. ಒಂದು ಎಚ್ಚರಿಕೆ: ಬಾಕ್ಸ್‌ಲಾಕ್‌ನ ಸೇಫ್ಟಿ ಸಾಮಾನ್ಯವಾಗಿ ಟ್ರಿಗರ್ ಅನ್ನು ಮಾತ್ರ ತಡೆಯುತ್ತದೆ, ಕುದುರೆಯನ್ನಲ್ಲ. ಜೋರಾಗಿ ಬಿದ್ದರೆ ಈಡು ಹಾರಬಹುದು. ಸೇಫ್ಟಿ ಹಾಕಿದೆ ಎಂದು ತುಂಬಿದ ಕೋವಿಯನ್ನು ಮರಕ್ಕೆ ಒರಗಿಸಬೇಡಿ.

ಎರಡನೆಯದು ಚೋಕ್, ಅಂದರೆ ಚರೆ (ತೋಟೆಯೊಳಗಿನ ಸಣ್ಣ ಗುಂಡುಗಳು) ತೀರ ಹರಡದಂತೆ ನಳಿಗೆಯ ಬಾಯಿಯನ್ನು ಕಿರಿದು ಮಾಡಿರುವುದು. ಮುಂದಿನ ಟ್ರಿಗರ್ ಬಲ ನಳಿಗೆಗೆ, ಹಿಂದಿನದು ಎಡ ನಳಿಗೆಗೆ. ಬಲದ್ದು ಸಡಿಲ ಚೋಕ್, ಎಡದ್ದು ಬಿಗಿ. 40 ಗಜದಲ್ಲಿ, 30 ಇಂಚಿನ ವೃತ್ತದೊಳಗೆ ಇಂಪ್ರೂವ್ಡ್ ಸಿಲಿಂಡರ್ ಎಂಬ ಸಡಿಲ ಚೋಕ್ ಸುಮಾರು ಶೇ 50ರಷ್ಟು ಚರೆ ಇಟ್ಟರೆ ಬಿಗಿಯಾದ ಫುಲ್ ಚೋಕ್ ಶೇ 70ರಷ್ಟು ಇಡುತ್ತದೆ. ಹಕ್ಕಿ ಹತ್ತಿರ ಎದ್ದರೆ ಮುಂದಿನದು, ದೂರ ಎದ್ದರೆ ಹಿಂದಿನದು. ಬೆರಳು ಸರಿಸುವಷ್ಟೇ ಕೆಲಸ. ಒಂಟಿ ನಳಿಗೆಯಲ್ಲಿ ಚೋಕ್ ಬದಲಿಸಲು ಕೀಲಿ ಹಾಕಿ ತಿರುಗಿಸಬೇಕು, ಅಷ್ಟರಲ್ಲಿ ಹಕ್ಕಿ ಎಲ್ಲಿರುತ್ತದೆ! ಬೇಟೆಯ ಕೋವಿಗೆ ಒಂದೇ ಟ್ರಿಗರ್ ಇರುವ ಮಾದರಿಯನ್ನು ನಾವು ಇದೇ ಕಾರಣಕ್ಕೆ ಒಪ್ಪುವುದಿಲ್ಲ.

ತೂಕದಲ್ಲಿ ಹಗುರ, ಉದ್ದದಲ್ಲಿ ಗಿಡ್ಡ, ಇಲ್ಲೂ ಜೋಡುನಳಿಗೆಯೇ ಮೇಲು. ನಳಿಗೆಯ ಉದ್ದ ಒಂದೇ ಇದ್ದರೂ ಸೆಮಿ ಆಟೊಮ್ಯಾಟಿಕ್ ಒಟ್ಟಾರೆ ಸುಮಾರು 10 ಸೆಂ.ಮೀ. ಉದ್ದ ಬರುತ್ತದೆ, ಚೇಂಬರ್ ಮುಚ್ಚುವ ಬೋಲ್ಟ್ ಹಿಂದೆ ಸರಿಯಲು ಅದಕ್ಕೆ ಜಾಗ ಬೇಕು. ಆದರೆ ಹಗುರ ಕೋವಿಗೆ ಭಾರದ ತೋಟೆ ಹಾಕಬಾರದು. ಚರೆಯ ತೂಕದ 96 ಪಟ್ಟು ಕೋವಿ ತೂಗಬೇಕು ಎಂಬ ಹಳೆಯ ಲೆಕ್ಕ ಇಂದಿಗೂ ಸರಿಯೇ: 30 ಗ್ರಾಂ ಚರೆಗೆ 2.9 ಕಿಲೋ. ಅದೇ ಕೋವಿಯಲ್ಲಿ 36 ಗ್ರಾಂ ಹಾಕಿದರೆ ಭುಜ ನೋಯುತ್ತದೆ, ಎರಡನೇ ಈಡು ಗುರಿ ತಪ್ಪುತ್ತದೆ.

ಹಳೆಯ ಕೋವಿ ಕೊಳ್ಳುವಾಗ ತೋರಿಕೆಯ ಕೆತ್ತನೆ ಬಿಡಿ, ಕೀಲು ನೋಡಿ. ಖಾಲಿ ಇರುವುದನ್ನು ಖಚಿತಪಡಿಸಿಕೊಂಡು ನಳಿಗೆಯ ಕೆಳಗಿನ ಮುಂಗೈ ಹಿಡಿಯನ್ನು ಕಳಚಿ, ಮುಚ್ಚಿದ ಕೋವಿಯ ಕತ್ತು ಹಿಡಿದು ಅಲುಗಿಸಿ. ಟಕಟಕ ಎಂದರೆ ಕೀಲು ಸವೆದಿದೆ. ನಂತರ ನಳಿಗೆಗಳನ್ನು ಬೇರ್ಪಡಿಸಿ ಬೆರಳಿನಲ್ಲಿ ತೂಗುಹಾಕಿ ಮೆಲ್ಲಗೆ ತಟ್ಟಿ. ಗಂಟೆಯಂತೆ ನಾದ ಬರಬೇಕು, ದಪ್ಪ ಸದ್ದು ಬಂದರೆ ನಡುವಿನ ಪಟ್ಟಿಯ ಬೆಸುಗೆ ಬಿಟ್ಟಿದೆ. ಬೆಳಕಿನೆಡೆಗೆ ಹಿಡಿದು ನೋಡಿದಾಗ ನಳಿಗೆಯೊಳಗೆ ಕಾಣುವ ಬೆಳಕಿನ ಉಂಗುರಗಳು ಎಲ್ಲಾದರೂ ಮುರಿದಂತೆ ಕಂಡರೆ ಅಲ್ಲಿ ತಗ್ಗು ಬಿದ್ದಿದೆ ಎಂದರ್ಥ. ಹಿಡಿಯ ಕತ್ತಿನಲ್ಲಿ ಸೀಳು, ಲೋಹ ಸೇರುವ ಕಡೆ ಎಣ್ಣೆ ಕುಡಿದು ಕಪ್ಪಾದ ಮರ, ಇವೆರಡೂ ದೊಡ್ಡ ದುರಸ್ತಿ. ನಳಿಗೆಯ ಗೋಡೆಯ ದಪ್ಪವನ್ನು ಕೋವಿ ದುರಸ್ತಿಯ ಕಮ್ಮಾರ ಗೇಜ್ ಹಾಕಿ ಅಳೆದು ಹೇಳಲಿ, ಕಣ್ಣಂದಾಜು ಬೇಡ.

ಎಲ್ಲಕ್ಕಿಂತ ಮುಖ್ಯ ಚೇಂಬರಿನ ಉದ್ದ. ಹಳೆಯ ಕೋವಿಗಳು ಬಹಳಷ್ಟು 65 ಮಿ.ಮೀ., ಈಗಿನ ತೋಟೆಗಳು 70 ಅಥವಾ 76. ತೋಟೆಯ ಮೇಲೆ ಬರೆದ ಉದ್ದ ಹಾರಿಸಿದ ಮೇಲಿನದು. ಬಾಯಿ ಮಡಚಿರುವ 70ರ ತೋಟೆ ಅಳತೆಗೆ 60 ಮಿ.ಮೀ. ಆಸುಪಾಸು ಇದ್ದು, 65ರ ಚೇಂಬರಿಗೆ ಸಲೀಸಾಗಿ ಇಳಿಯುತ್ತದೆ. ಹಾರಿಸಿದಾಗ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ, ನಳಿಗೆ ಕಿರಿದಾಗುವ ಕಡೆ ಅಡ್ಡವಾಗಿ ಒತ್ತಡ ಏರುತ್ತದೆ. ‘ಒಳಗೆ ಹೋಯಿತು, ಹಾಗಾಗಿ ಸರಿ’ ಎನ್ನುವುದು ಇಲ್ಲಿ ಅತಿ ಅಪಾಯದ ತರ್ಕ. ಕಪ್ಪು ಮಸಿಗೆ (ಹಳೆಯ ಕಾಲದ ಸಿಡಿಮದ್ದಿಗೆ) ಮಾತ್ರ ಪರೀಕ್ಷೆಯಾದ ಕೋವಿಗೆ ಇಂದಿನ ತೋಟೆ ಬೇಡವೇ ಬೇಡ, ಈಗಿನ ಹೊಗೆರಹಿತ ಮದ್ದಿಗೆ ಪರೀಕ್ಷೆಯಾಗಿದೆ ಎನ್ನುವ ನೈಟ್ರೋ ಪ್ರೂಫ್ ಮುದ್ರೆ ನೋಡಿಯೇ ಕೊಳ್ಳಿ. ಜೇಬಿನಲ್ಲಿ, 12ಕ್ಕಿಂತ ಸಣ್ಣದಾದ 20 ಬೋರ್ ತೋಟೆಯನ್ನು ಬೆರೆಸಿಕೊಳ್ಳಲೂಬೇಡಿ. ಅದು 12ರ ಚೇಂಬರ್ ದಾಟಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಹಿಂದಿನಿಂದ ಇನ್ನೊಂದು ಹಾಕಿ ಹೊಡೆದರೆ ನಳಿಗೆ ಸಿಡಿಯುತ್ತದೆ. 20ರ ತೋಟೆಗೆ ಹಳದಿ ಬಣ್ಣ ಕೊಟ್ಟಿರುವುದು ಈ ಬೆರಕೆ ತಪ್ಪಿಸಲೆಂದೇ.

ನಿರ್ವಹಣೆ ಸುಲಭ. ಮೊದಲು ಮುಂಗೈ ಹಿಡಿಯನ್ನು ಕಳಚಿ, ಆಮೇಲೆ ನಳಿಗೆಯನ್ನು. ಚೇಂಬರ್ ಕಡೆಯಿಂದ ಕಂಚಿನ ಬ್ರಷ್ ಆಡಿಸಿ, ಬಟ್ಟೆಯಲ್ಲಿ ಒರೆಸಿ, ತೆಳುವಾಗಿ ಎಣ್ಣೆ ಸವರಿ. ಕೀಲಿಗೆ ಚಿಟಿಕೆ ಗ್ರೀಸ್ ಸಾಕು. ಬಿಚ್ಚಿಟ್ಟಾಗ ಟ್ರಿಗರ್ ಒತ್ತಬೇಡಿ: ಕುದುರೆ ಬಿದ್ದುಹೋದರೆ ನಳಿಗೆ ಮತ್ತೆ ಕೂರುವುದಿಲ್ಲ. ಎತ್ತಿಡುವಾಗ ನಳಿಗೆ ಕೆಳಮುಖ ಇರಲಿ, ಎಣ್ಣೆ ಮರಕ್ಕೆ ಇಳಿಯುವುದಿಲ್ಲ. ಸೆಮಿ ಆಟೊಮ್ಯಾಟಿಕ್‌ನಂತೆ ಗ್ಯಾಸ್ ರಂಧ್ರಗಳು ಮಸಿಗಟ್ಟಿ ಎರಡನೇ ತೋಟೆ ಏರದೆ ನಿಲ್ಲುವ ತೊಂದರೆ ಇಲ್ಲಿಲ್ಲ. ಕೆಡುವುದೆಂದರೆ ಸ್ಪ್ರಿಂಗ್, ತೋಟೆಗೆ ತಾಗುವ ಫೈರಿಂಗ್ ಪಿನ್, ಖಾಲಿ ತೋಟೆ ಹೊರಚಿಮ್ಮಿಸುವ ಎಜೆಕ್ಟರ್. ಒಂದು ಒತ್ತಿಗೆ ಎರಡೂ ನಳಿಗೆ ಹಾರಿದರೆ ಕುದುರೆ ಹಿಡಿಯುವ ಸಿಯರ್ ಸವೆದಿದೆ. ಅಲ್ಲಿಗೆ ಆ ದಿನದ ಬೇಟೆ ನಿಲ್ಲಿಸಿ, ಕಮ್ಮಾರನ ಬಳಿ ಕೊಂಡೊಯ್ಯಿರಿ.

ಸೆಮಿ ಆಟೊಮ್ಯಾಟಿಕ್ ಗೆಲ್ಲುವ ಕಡೆಗಳೂ ಇವೆ. ಗುರಿ ಆಟದಲ್ಲಿ ದಿನಕ್ಕೆ ನೂರಾರು ಮಣ್ಣಿನ ಬಿಲ್ಲೆ ಹೊಡೆಯುವವರಿಗೆ, ಭುಜ ನೋವಿರುವವರಿಗೆ ಅದರ ಮೆತ್ತನೆಯ ಹಿಂದೊದೆತ ವರವೇ ಸರಿ. ಸೀಸ ನಿಷೇಧಿಸಿ ಉಕ್ಕಿನ ಚರೆ ಕಡ್ಡಾಯ ಮಾಡಿದ ಜೌಗು ಪ್ರದೇಶಗಳಲ್ಲೂ ಅದೇ ಸರಿ. ಉಕ್ಕು ಸೀಸದಂತೆ ಹಿಸುಕಿಕೊಳ್ಳದು, ಹಳೆಯ ತೆಳು ನಳಿಗೆಯ ಬಿಗಿ ಚೋಕ್ ಬಳಿ ಉಬ್ಬು ತರಬಹುದು. ಅಂಥ ಜಾಗಕ್ಕೆ ಜೋಡುನಳಿಗೆಯನ್ನೇ ಒಯ್ಯುವುದಾದರೆ ಬಿಸ್ಮತ್ ಎಂಬ ಲೋಹದ ಚರೆ ಹಾಕಿ. ದುಬಾರಿ, ಆದರೆ ನಳಿಗೆಗೆ ಮೃದು.