ಸ್ಟೋಮಾ ಸುತ್ತ ಚರ್ಮ ಉರಿಯುವಾಗ: ಪೇಸ್ಟ್, ಪೌಡರ್, ರಿಂಗ್

ಮೊದಲೇ ಹೇಳಿಬಿಡುತ್ತೇನೆ, ಸ್ಟೋಮಾ ಬ್ಯಾಗ್ ಸೋರದಂತೆ ತಡೆಯಲು ನನಗೆ ಒಗ್ಗಿದ್ದು ರಿಂಗ್. ಪೇಸ್ಟಿನ ಟ್ಯೂಬ್ ಅರ್ಧ ಹಾಗೇ ಉಳಿದಿದೆ. ಮತ್ತೆ ಕೊಳ್ಳುವುದಿಲ್ಲ.

ನನ್ನದು ಇಲಿಯೋಸ್ಟಮಿ: ಆಪರೇಷನ್ ಮಾಡಿ ಸಣ್ಣ ಕರುಳನ್ನು ಹೊಟ್ಟೆಯ ಮೇಲೆ ತೆರೆದಿದ್ದಾರೆ. ಆ ಬಾಯಿಯೇ ಸ್ಟೋಮಾ, ಅದರ ಸುತ್ತ ಚರ್ಮಕ್ಕೆ ಅಂಟಿಸಿದ ಬ್ಯಾಗಿಗೆ ಮಲ ಇಳಿಯುತ್ತದೆ. ಸಣ್ಣ ಕರುಳಿನಿಂದ ಬರುವುದು ನೀರಾಗಿರುತ್ತದೆ. ಊಟ ಕರಗಿಸುವ ಎಂಜೈಮ್‌ಗಳು ಅದರಲ್ಲಿ ಇನ್ನೂ ಇರುತ್ತವೆ, ತಗುಲಿದರೆ ಚರ್ಮವನ್ನೂ ಸುಡುತ್ತವೆ. ನನ್ನ ಸ್ಟೋಮಾದ ಕೆಳಗೆ, ಕುಳಿತಾಗ ಹೊಟ್ಟೆ ಮಡಚುವ ಕಡೆ, ಒಂದು ಸಣ್ಣ ತಗ್ಗಿದೆ. ಸೋರುತ್ತಿದ್ದುದು ಅಲ್ಲೇ. ಮೊದಲು ಕೆಂಪಾಯಿತು, ಆಮೇಲೆ ಸಿಪ್ಪೆ ಎದ್ದು ನೀರು ಜಿನುಗತೊಡಗಿತು. ಒದ್ದೆ ಚರ್ಮಕ್ಕೆ ಬ್ಯಾಗ್ ಅಂಟುವುದಿಲ್ಲ. ಅಂಟದಿದ್ದರೆ ಮತ್ತೆ ಸೋರುತ್ತದೆ, ಮತ್ತೆ ಉರಿ.

ಪೇಸ್ಟ್ ತಂದದ್ದು ಆ ತಗ್ಗು ತುಂಬಲು. ತುಂಬಿತು, ನಿಜ. ಆದರೆ ಹೆಚ್ಚಿನ ಪೇಸ್ಟ್‌ಗಳಲ್ಲಿ ಆಲ್ಕೋಹಾಲ್ ಇರುತ್ತದೆ. ಸಿಪ್ಪೆ ಎದ್ದ ಜಾಗಕ್ಕೆ ಅದು ತಾಗಿದರೆ ಕಣ್ಣಲ್ಲಿ ನೀರು ಬರುತ್ತದೆ. ಆ ಆಲ್ಕೋಹಾಲ್ ಆರುವವರೆಗೆ ಸ್ವಲ್ಪ ಹೊತ್ತು ಬ್ಯಾಗ್ ಅಂಟಿಸದೆ ಕಾಯಬೇಕು. ಸ್ಟೋಮಾ ಕಾಯುತ್ತದಾ? ಅಷ್ಟರಲ್ಲಿ ಅದು ಹರಿದು, ಒರೆಸಿ ಒಣಗಿಸಿದ ಜಾಗವೆಲ್ಲ ಮತ್ತೆ ಒದ್ದೆ.

ಇದನ್ನೂ ಸಹಿಸಬಹುದಿತ್ತು. ತೆಗೆಯುವಾಗಿನ ಕಾಟ ಮಾತ್ರ ಬೇಡವೇ ಬೇಡ. ಬ್ಯಾಗ್ ಬದಲಿಸುವಾಗ ಪೇಸ್ಟ್ ಪೂರ್ತಿ ಬರುವುದಿಲ್ಲ, ಚೂರು ಚೂರಾಗಿ ಚರ್ಮಕ್ಕೇ ಕಚ್ಚಿಕೊಂಡಿರುತ್ತದೆ. ಉಜ್ಜಿದರೆ ವಾಸಿಯಾಗುತ್ತಿದ್ದ ಪದರವೂ ಕಿತ್ತುಬರುತ್ತದೆ. ಎಲ್ಲವನ್ನೂ ತೆಗೆಯಬೇಕಿಲ್ಲ, ಸುಲಭವಾಗಿ ಬಂದಷ್ಟು ಸಾಕು ಎಂದರು ಸ್ಟೋಮಾ ನರ್ಸ್. ಅವರೇ ಇನ್ನೊಂದನ್ನೂ ಹೇಳಿದರು: ಪೇಸ್ಟ್ ಇರುವುದು ಸಂದು ಮುಚ್ಚಲು, ಅಂಟಿಸಲು ಅಲ್ಲ. ಜಾಸ್ತಿ ಹಚ್ಚಿದಷ್ಟೂ ಬ್ಯಾಗಿನ ಹಿಡಿತ ಸಡಿಲವಾಗುತ್ತದೆ.

ರಿಂಗ್ ಹಿಟ್ಟಿನ ಉಂಡೆಯಂತೆ ಮೆತ್ತಗಿರುತ್ತದೆ. ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದು ಬೆಚ್ಚಗೆ ಮಾಡಿ, ಎಳೆದು, ತಗ್ಗಿಗೆ ಒತ್ತಿದರೆ ಅದರ ಆಕಾರಕ್ಕೇ ಕೂರುತ್ತದೆ. ನಾನು ತಂದದ್ದರಲ್ಲಿ ಆಲ್ಕೋಹಾಲ್ ಇಲ್ಲ, ಹಸಿ ಚರ್ಮಕ್ಕೂ ಉರಿಯಲಿಲ್ಲ. ತೆಗೆಯುವಾಗ ಹೆಚ್ಚುಕಡಿಮೆ ಒಂದೇ ತುಂಡಾಗಿ ಬರುತ್ತದೆ. ನನಗೆ ಇದೊಂದೇ ಸಾಕಿತ್ತು. ಬೆಲೆ ಮಾತ್ರ ಜಾಸ್ತಿ. ಅದಕ್ಕೇ ರಿಂಗನ್ನು ಕತ್ತರಿಸಿ, ಅರ್ಧವನ್ನು ಕೆಳಗಿನ ತಗ್ಗಿಗಷ್ಟೇ ಇಡುತ್ತೇನೆ. ಸುತ್ತಲೂ ಸೋರುವವರಿಗೆ ಈ ಉಳಿತಾಯ ಸಿಗದು.

ಸ್ಟೋಮಾ ಪೌಡರ್, ಅಂದರೆ ಜಿನುಗುವ ನೀರನ್ನು ಹೀರುವ ಪುಡಿ, ರಿಂಗಿಗೆ ಎದುರಾಳಿ ಅಲ್ಲ, ಜೊತೆಗಾರ. ಚರ್ಮ ಜಿನುಗುವಾಗ ಮಾತ್ರ ಬೇಕು. ತೆಳ್ಳಗೆ ಉದುರಿಸಿ, ಹೆಚ್ಚಾದದ್ದನ್ನು ಪೂರ್ತಿ ಕೊಡವಿ, ಮೇಲೆ ಆಲ್ಕೋಹಾಲ್ ಇಲ್ಲದ ಬ್ಯಾರಿಯರ್ ಸ್ಪ್ರೇ (ಚರ್ಮದ ಮೇಲೆ ತೆಳು ರಕ್ಷಣಾ ಪದರ ಕಟ್ಟುವಂಥದ್ದು). ಅದು ಒಣಗಿದ ಮೇಲೆ ಇನ್ನೊಮ್ಮೆ ಹಾಗೇ. ಎರಡು ಮೂರು ಪದರಕ್ಕೆ ಒಣ ಹೊರಪದರ ಕಟ್ಟುತ್ತದೆ, ಅದರ ಮೇಲೆ ಬ್ಯಾಗ್ ಹಿಡಿಯುತ್ತದೆ. ಕೊಡವದೆ ಬಿಟ್ಟರೆ ಬ್ಯಾಗ್ ಪುಡಿಗೆ ಅಂಟುತ್ತದೆ, ನಿಮಗಲ್ಲ. ಚರ್ಮ ವಾಸಿಯಾದ ದಿನ ಪೌಡರ್ ನಿಲ್ಲಿಸಿ.

ಜಿಡ್ಡಿನ ಕ್ರೀಮು, ಎಣ್ಣೆ: ಬೇಡ. ಬ್ಯಾಗ್ ನಿಲ್ಲುವುದೇ ಇಲ್ಲ.

ಏನನ್ನೇ ಕೊಳ್ಳುವ ಮೊದಲು ಸ್ಟೋಮಾ ಅಳತೆ ಮತ್ತೆ ತೆಗೆದುಕೊಳ್ಳಿ. ಆಪರೇಷನ್ ಆದ ಮೊದಲ 6-8 ವಾರಗಳಲ್ಲಿ ಅದು ಕುಗ್ಗುತ್ತದೆ, ಬ್ಯಾಗಿನಲ್ಲಿ ಹಳೆಯ ಅಳತೆಗೆ ಕತ್ತರಿಸಿದ ತೂತಿನೊಳಗೆ ಸ್ಟೋಮಾ ಸುತ್ತ ಚರ್ಮ ಬರಿದಾಗಿ ಉಳಿಯುತ್ತದೆ. ತೂತು ಸ್ಟೋಮಾಗಿಂತ 2-3 ಮಿಲಿಮೀಟರ್ ದೊಡ್ಡದಿದ್ದರೆ ಸಾಕು. ಎಷ್ಟೋ ಜನರಿಗೆ ಇಷ್ಟರಲ್ಲೇ ಉರಿ ಇಳಿಯುತ್ತದೆ, ರಿಂಗೂ ಬೇಕಾಗುವುದಿಲ್ಲ.

ತುರಿಕೆ ಜಾಸ್ತಿ ಇದ್ದು, ಕೆಂಪಿನ ಅಂಚಿನಾಚೆಗೂ ಸಣ್ಣ ಸಣ್ಣ ಗುಳ್ಳೆ ಹರಡಿದ್ದರೆ ಫಂಗಸ್ ಇರಬಹುದು. ಅದಕ್ಕೆ ಬೇರೆ ಔಷಧಿ ಪೌಡರ್ ಬೇಕು. ರಿಂಗ್ ಹಾಕಿ ಮುಚ್ಚಿಡಬೇಡಿ, ಸ್ಟೋಮಾ ನರ್ಸಿಗೋ ಡಾಕ್ಟರಿಗೋ ತೋರಿಸಿ.